ಅಣ್ಣ, ಆ ಮನೆ ನಿಮ್ಮದಲ್ಲ

ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಕನ್ನಡ ಬಂಧುಗಳಿಗೆ, ಅವರಲ್ಲೂ ಮುಖ್ಯವಾಗಿ ಎರಡು ಮನೆಗಳ ಬೀಗದ ಕೈ ಇಟ್ಟುಕೊಂಡಿರುವ ಹಿರಿಯರಿಗೆ,

ನಮಸ್ಕಾರ.

ಕಳೆದ ತಿಂಗಳ ಒಂದು ಭಾನುವಾರ ಫ್ಲಷಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರಿದ್ದರು. ಅವರೆದುರಿಗೆ, ಈಗಷ್ಟೇ ಊರಿನಿಂದ ಬಂದವರಂತೆ ಕಾಣುತ್ತಿದ್ದ ಗಂಡ ಹೆಂಡತಿ. ಮಾತು ಕನ್ನಡದಲ್ಲೇ ನಡೆಯುತ್ತಿದ್ದುದರಿಂದ ಬೇಡವೆಂದರೂ ಕಿವಿಗೆ ಬಿತ್ತು. "ಮ್ಯಾನ್‌ಹಟನ್‌ನಲ್ಲಿ ನಮ್ಮದೊಂದು ಹಳೆಯ ಮನೆ ಇದೆಯಮ್ಮ. ನಾವು ನ್ಯೂಜೆರ್ಸಿಯ ಎಡಿಸನ್‌ಗೆ ಹೋಗಿ ಆರು ವರ್ಷವಾಯಿತು. ಹೊರಗಿನವರಿಗೆ ಕೊಡಲು ಮನಸ್ಸಿಲ್ಲ, ನಮ್ಮವರು ಎಂದು ನಿಮಗೆ ಹೇಳುತ್ತಿದ್ದೇನೆ. ತಿಂಗಳಿಗೆ ಎರಡು ಸಾವಿರದ ಎಂಟುನೂರು, ನಗದು. ಕರಾರು ಪತ್ರ ಗಿರಾರು ಪತ್ರ ಏನೂ ಬೇಡ." ಹುಡುಗಿ ಗಂಡನ ಮುಖ ನೋಡಿದಳು. ಗೆದ್ದೆವು ಎನ್ನುವಂಥ ನೋಟ ಅದು.

ನಾನು ಏನೂ ಹೇಳಲಿಲ್ಲ. ದೋಸೆ ಬಂತು, ತಿಂದೆ, ಎದ್ದು ಬಂದೆ. 7ನೇ ನಂಬರಿನ ರೈಲು ಹತ್ತಿ ಕುಳಿತ ಮೇಲೆ ನಾಚಿಕೆಯಾಗತೊಡಗಿತು. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿ ಕುಳಿತಿದ್ದ ಜಾಗದಲ್ಲಿ 2016ರ ಸೆಪ್ಟೆಂಬರಿನಲ್ಲಿ ನಾನು ಕುಳಿತಿದ್ದೆ. ಕ್ಯಾಂಟೀನಿನಲ್ಲಲ್ಲ, ನ್ಯೂಜೆರ್ಸಿಯ ಒಂದು ದೊಡ್ಡ ಮನೆಯ ಹಾಲಿನಲ್ಲಿ. ಮನೆಯವರು ನಮ್ಮ ಜಿಲ್ಲೆಯ ಕಡೆಯವರು. ಅವರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದೆ. ಬಿಸಿಬೇಳೆಬಾತಿನ ಊಟವಾದ ಮೇಲೆ ಅಣ್ಣ ಮೂರು ಕೀಲಿಗಳಿದ್ದ ಗೊಂಚಲನ್ನು ನನ್ನ ಕೈಗೆ ಹಾಕಿದರು. ಒಂದು ಬೀದಿ ಬಾಗಿಲಿನದು, ಒಂದು ಮನೆಯದು, ಕಿರುಬೆರಳಿನಷ್ಟೂ ಇಲ್ಲದ ಮೂರನೆಯದು ಟಪಾಲು ಪೆಟ್ಟಿಗೆಯದು. ಅತ್ತಿಗೆ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟರು. ಮನೆ ಇದ್ದದ್ದು ಅಪ್ಪರ್ ವೆಸ್ಟ್ ಸೈಡಿನಲ್ಲಿ, ಲಿಫ್ಟ್ ಇಲ್ಲದ ಐದಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಎರಡು ಕಿಟಕಿ, ಒಂದು ಕೋಣೆ. ಐದು ನಿಮಿಷ ನಡೆದರೆ ಸೆಂಟ್ರಲ್ ಪಾರ್ಕ್. ಬಾಡಿಗೆ 2,100 ಡಾಲರ್, ನಗದು. ಆ ಬೀದಿಯಲ್ಲಿ ಅಂಥ ಮನೆಗೆ ಮೂರು ಸಾವಿರ ಕೇಳುತ್ತಿದ್ದರು. ದೇವರೇ ಅಣ್ಣನ ರೂಪದಲ್ಲಿ ಬಂದಿದ್ದಾನೆ ಎಂದುಕೊಂಡೆ. ನಮ್ಮಮ್ಮ ಫೋನಿನಲ್ಲಿ ಅದನ್ನೇ ಹೇಳಿದರು.

ಷರತ್ತುಗಳು ಒಂದೆರಡಿದ್ದವು. ಟಪಾಲು ಪೆಟ್ಟಿಗೆಯ ಮೇಲಿನ ಹೆಸರು ಬದಲಾಯಿಸಬಾರದು. ಅಣ್ಣನ ಹೆಸರಿಗೆ ಬಂದ ಕಾಗದವನ್ನು ಒಡೆಯದೆ ತೆಗೆದಿಡಬೇಕು. ಕಟ್ಟಡ ನೋಡಿಕೊಳ್ಳುವವನು (ಅವನನ್ನು ಇಲ್ಲಿ ಸೂಪರ್ ಎನ್ನುತ್ತಾರೆ, ನಮ್ಮ ಕಿವಿಗೆ ಅದು ಹೊಗಳಿಕೆಯಂತೆ ಕೇಳುತ್ತದೆ) ಕೇಳಿದರೆ ತಮ್ಮ ಎಂದು ಹೇಳಬೇಕು. ಏನೇ ಕೆಟ್ಟರೂ ಮಾಲೀಕನಿಗೆ ಫೋನು ಮಾಡಬಾರದು. ಕೊನೆಯ ಷರತ್ತಿನ ಅರ್ಥ ಜನವರಿಯಲ್ಲಿ ತಿಳಿಯಿತು. ಒಂದು ವಾರ ಹೀಟರ್ ತಣ್ಣಗೆ ಕುಳಿತಿತು. ಅಕ್ಟೋಬರ್ ಒಂದರಿಂದ ಮೇ ಕೊನೆಯವರೆಗೆ, ಹೊರಗೆ 55 ಡಿಗ್ರಿಗಿಂತ ಚಳಿಯಿದ್ದರೆ, ಹಗಲು ಹೊತ್ತು ಮನೆಯೊಳಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇರುವಂತೆ ನೋಡಿಕೊಳ್ಳುವುದು ಇಲ್ಲಿ ಮಾಲೀಕನ ಕಾನೂನುಬದ್ಧ ಹೊಣೆ. 311ಕ್ಕೆ ಒಂದು ಕರೆ ಮಾಡಿದರೆ ನಗರದ ಇನ್‌ಸ್ಪೆಕ್ಟರ್ ಬರುತ್ತಾರೆ. ಆದರೆ ಕಾಗದದ ಮೇಲೆ ನಾನು ಆ ಮನೆಯಲ್ಲಿ ಇರಲೇ ಇಲ್ಲವಲ್ಲ! ಊರಿನಿಂದ ತಂದ ಕಂಬಳಿ ಹೊದ್ದು, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಮಲಗಿದೆ.

2018ರ ಮೇ ತಿಂಗಳಲ್ಲಿ ಒಂದು ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ನೆಲದ ಮೇಲೆ ಒಂದು ಕಾಗದ. ಟಪಾಲಿನಲ್ಲಿ ಬಂದದ್ದಲ್ಲ, ಲಕೋಟೆಯೂ ಇಲ್ಲ. ಸೂಪರ್ ಬಾಗಿಲ ಸಂದಿಯಿಂದ ತಳ್ಳಿ ಹೋಗಿದ್ದ. ಕರಾರು ನವೀಕರಣದ ಅರ್ಜಿ. ಬಾಡಿಗೆದಾರ: ಅಣ್ಣನ ಹೆಸರು. ಈಗಿನ ಬಾಡಿಗೆ: 1,140 ಡಾಲರ್. ಒಂದು ವರ್ಷಕ್ಕೆ ನವೀಕರಿಸಿದರೆ ಹೆಚ್ಚಳ ಶೇ. 1.25. ಅಂದರೆ ಹದಿನಾಲ್ಕು ಡಾಲರ್ ಇಪ್ಪತ್ತೈದು ಸೆಂಟ್.

ಬೂಟು ಕಳಚದೆ ಅಲ್ಲೇ ನಿಂತು ಮೂರು ಸಲ ಓದಿದೆ. ಆ ವರ್ಷದ ಜನವರಿಯಲ್ಲಷ್ಟೇ ಅಣ್ಣ "ಮಾಲೀಕ ಬಹಳ ಪೀಡಿಸುತ್ತಿದ್ದಾನಪ್ಪ" ಎಂದು ನನ್ನಿಂದ ನೂರು ಡಾಲರ್ ಹೆಚ್ಚು ಮಾಡಿಸಿಕೊಂಡಿದ್ದರು. ಮಾಲೀಕನಿಗೆ ಕಟ್ಟುವುದಕ್ಕಿಂತ ನನ್ನಿಂದ ಹೆಚ್ಚಾಗಿ ಪಡೆದದ್ದು ಹದಿನಾರು ತಿಂಗಳು 960ರಂತೆ, ಐದು ತಿಂಗಳು 1,060ರಂತೆ. ಇಪ್ಪತ್ತೊಂದು ತಿಂಗಳಿಗೆ 20,660 ಡಾಲರ್. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ದೊಣೆನಾಯಕ ಚಟ್ನಿಪುಡಿಯನ್ನೂ ಕೊಡುತ್ತಾನೆ ಎಂದು ಗೊತ್ತಿರಲಿಲ್ಲ.

ಇದೇನೆಂದು ಹೊಸದಾಗಿ ಬಂದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನ್ಯೂಯಾರ್ಕಿನಲ್ಲಿ 1969ರಿಂದ ರೆಂಟ್ ಸ್ಟೆಬಿಲೈಸೇಷನ್ ಎಂಬ ಕಾನೂನಿದೆ. ಸ್ಥೂಲವಾಗಿ ಹೇಳುವುದಾದರೆ, 1974ಕ್ಕಿಂತ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ ಇದು ಅನ್ವಯಿಸುತ್ತದೆ. ತೆರಿಗೆ ವಿನಾಯಿತಿ ಪಡೆದ ಕೆಲವು ಹೊಸ ಕಟ್ಟಡಗಳೂ ಸೇರುತ್ತವೆ. ಹತ್ತಿರಹತ್ತಿರ ಹತ್ತು ಲಕ್ಷ ಮನೆಗಳು. ಇವುಗಳ ಬಾಡಿಗೆ ಎಷ್ಟು ಏರಬಹುದೆಂದು ನಿರ್ಧರಿಸುವುದು ಮಾಲೀಕನಲ್ಲ, ಮೇಯರ್ ನೇಮಿಸುವ ಒಂಬತ್ತು ಜನರ ಮಂಡಳಿ. ಬಾಡಿಗೆದಾರರ ಪರ ಇಬ್ಬರು, ಮಾಲೀಕರ ಪರ ಇಬ್ಬರು, ಉಳಿದ ಐವರು ಸಾರ್ವಜನಿಕರ ಪರ. ವರ್ಷ ವರ್ಷ ಬೇಸಿಗೆಯ ಆರಂಭದಲ್ಲಿ ಮತ ಹಾಕುತ್ತಾರೆ. 2015, 2016 ಮತ್ತು 2020ರಲ್ಲಿ ಒಂದು ವರ್ಷದ ಕರಾರಿಗೆ ಏರಿಕೆಯೇ ಬೇಡವೆಂದರು. ಕರಾರು ಮುಗಿದಾಗ ಒಂದು ಅಥವಾ ಎರಡು ವರ್ಷದ ನವೀಕರಣವನ್ನು ಮಾಲೀಕ ಕೊಡಲೇಬೇಕು. ಸುಮ್ಮನೆ "ಖಾಲಿ ಮಾಡಿ" ಎನ್ನುವಂತಿಲ್ಲ.

ಇಷ್ಟಕ್ಕೂ ಪ್ರತಿಯಾಗಿ ಕಾನೂನು ಬಾಡಿಗೆದಾರನಿಂದ ಕೇಳುವ ಮುಖ್ಯ ಮಾತು ಒಂದೇ: ಅದು ನೀವು ನಿಜವಾಗಿ ವಾಸಿಸುವ ಮನೆಯಾಗಿರಬೇಕು. ಕೆಲಕಾಲ ಬೇರೆಡೆ ಹೋಗಬೇಕಾಗಿ ಬಂದರೆ ಒಳಬಾಡಿಗೆಗೂ ದಾರಿಯಿದೆ. ಮಾಲೀಕನ ಒಪ್ಪಿಗೆ ಕೇಳಿ ಕೊಡಬಹುದು, ನಾಲ್ಕು ವರ್ಷದಲ್ಲಿ ಎರಡು ವರ್ಷ ಮೀರಬಾರದು, ಹಿಂದಿರುಗಿ ಬರುವ ಉದ್ದೇಶ ಇರಬೇಕು, ಪೀಠೋಪಕರಣ ಸಮೇತ ಕೊಟ್ಟರೆ ಕಾನೂನುಬದ್ಧ ಬಾಡಿಗೆಯ ಮೇಲೆ ಶೇ. 10ರಷ್ಟು ಮಾತ್ರ ಹೆಚ್ಚು ಪಡೆಯಬಹುದು. ಅದಕ್ಕಿಂತ ಹೆಚ್ಚು ಪಡೆದರೆ, ಹೆಚ್ಚುವರಿ ಹಣದ ಮೂರು ಪಟ್ಟನ್ನು ಒಳಬಾಡಿಗೆಯವನಿಗೆ ಹಿಂದಿರುಗಿಸಬೇಕಾಗಿ ಬರಬಹುದು. ಇದು ನನಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಗೊತ್ತಿದ್ದರೂ ಅತ್ತಿಗೆಯ ಮುಖ ನೋಡಿ ನ್ಯಾಯಾಲಯಕ್ಕೆ ಹೋಗುತ್ತಿದ್ದೆನೇ? ಅನುಮಾನ. ನಿಮ್ಮ ವ್ಯವಹಾರ ನಿಂತಿರುವುದೇ ಈ ದಾಕ್ಷಿಣ್ಯದ ಮೇಲೆ.

ಕಾಗದ ಹಿಡಿದುಕೊಂಡು ಅಣ್ಣನಿಗೆ ಫೋನು ಮಾಡಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. "ಹೊರಗೆ ಇದು ನಿನಗೆ ಮೂರು ಸಾವಿರಕ್ಕೆ ಕಡಿಮೆ ಸಿಗುತ್ತಿತ್ತೇ? ನಿನಗೆ ತಿಂಗಳಿಗೆ ಎಂಟುನೂರು ಉಳಿಸಿಕೊಟ್ಟಿದ್ದೇನೆ. ಇನ್ನೊಂದು ಮಾತು. ನಾಳೆ ನಾನು ಈ ಮನೆ ಬಿಟ್ಟೆ ಎಂದಿಟ್ಟುಕೋ. ಮಾಲೀಕ ಅಡುಗೆಮನೆಗೆ ಹೊಸ ಕಲ್ಲು ಹಾಸಿ ಬಾಡಿಗೆಯನ್ನು ಎಲ್ಲಿಗೋ ಏರಿಸುತ್ತಾನೆ. ನಮ್ಮವರೊಬ್ಬರು ಇರಲಿ ಎಂದು ಹಿಡಿದಿಟ್ಟಿದ್ದೇನೆ."

ಈ ಎರಡನೆಯ ಮಾತಿಗೆ ನಾನು ಆಗ ಉತ್ತರ ಕೊಡಲಾಗಲಿಲ್ಲ. ಏಕೆಂದರೆ ಆಗ ಅದು ನಿಜವಾಗಿತ್ತು. ನಿಜವೆಂದು ಕಣ್ಣಾರೆ ಕಂಡೆ ಕೂಡ. ಅದೇ ವರ್ಷದ ಕೊನೆಗೆ ಮಾಲೀಕನಿಗೆ ಸಂಗತಿ ತಿಳಿದು ವಕೀಲರ ನೋಟಿಸ್ ಬಂತು. ಲಾಭಕ್ಕೆ ಒಳಬಾಡಿಗೆ ಕೊಟ್ಟವನಿಗೆ ತಪ್ಪು ತಿದ್ದಿಕೊಳ್ಳುವ ಅವಕಾಶವನ್ನೂ ಇಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅಣ್ಣ ಮನೆ ಒಪ್ಪಿಸಿದರು. ನಾನು ಎರಡು ಸೂಟ್‌ಕೇಸ್ ಹಿಡಿದು ಡಿಸೆಂಬರಿನ ಚಳಿಯಲ್ಲಿ ಕ್ವೀನ್ಸಿಗೆ ಹೋದೆ. ಆಗಿನ ನಿಯಮದಂತೆ ಮನೆ ಖಾಲಿಯಾದರೆ ಮುಂದಿನ ಕರಾರಿಗೆ ಶೇ. 20ರಷ್ಟು ಏರಿಸಬಹುದಿತ್ತು: 1,154 ಇದ್ದದ್ದು 1,385. ಅಂಥ ಚಿಕ್ಕ ಕಟ್ಟಡದಲ್ಲಿ, ರಿಪೇರಿಗೆ ಖರ್ಚು ಮಾಡಿದ ಹಣದ ನಲವತ್ತರಲ್ಲಿ ಒಂದು ಭಾಗ ತಿಂಗಳ ಬಾಡಿಗೆಗೆ ಸೇರುತ್ತಿತ್ತು. 56,000 ಡಾಲರ್ ಖರ್ಚು ತೋರಿಸಿದರೆ ಇನ್ನೊಂದು 1,400. ಬಾಡಿಗೆ 2,700ರ ಆಚೀಚೆ ಇದ್ದ ಗಡಿ ದಾಟಿತೆಂದರೆ ಮನೆ ಕಾನೂನಿನ ರಕ್ಷಣೆಯಿಂದಲೇ ಹೊರಗೆ, ಶಾಶ್ವತವಾಗಿ. 2019ರ ಮಾರ್ಚಿನಲ್ಲಿ ಅದೇ ಮನೆಯ ಜಾಹೀರಾತು ನೋಡಿದೆ. ನನ್ನ ಎರಡು ಕಿಟಕಿಗಳು, ಹೊಸ ಅಡುಗೆಮನೆ, 3,450 ಡಾಲರ್.

ಮೂರು ತಿಂಗಳ ನಂತರ, 2019ರ ಜೂನ್ 14ರಂದು, ಆ ಬಾಗಿಲನ್ನು ರಾಜ್ಯದ ಶಾಸಕಾಂಗ ಮುಚ್ಚಿತು. ಖಾಲಿಯಾದಾಗಿನ ಶೇ. 20ರ ಏರಿಕೆ ರದ್ದು. ಬಾಡಿಗೆ ಹೆಚ್ಚಾಯಿತೆಂದು ಮನೆಯನ್ನು ಕಾನೂನಿನಿಂದ ಹೊರಗೆಳೆಯುವುದೂ ರದ್ದು. ರಿಪೇರಿಯ ಹೆಸರಿನಲ್ಲಿ ಏರಿಸುವುದಕ್ಕೆ ಕಟ್ಟುನಿಟ್ಟಿನ ಮಿತಿ. ಅಣ್ಣನ ಮಾತು ಅಂದಿಗೆ ಸತ್ತುಹೋಯಿತು. ಇಂದು ನೀವು ಸ್ಟೆಬಿಲೈಸ್ಡ್ ಮನೆಯೊಂದನ್ನು ಬಿಟ್ಟುಕೊಟ್ಟರೆ, ರಕ್ಷಣೆ ನಿಮ್ಮ ಹಿಂದೆ ಎಡಿಸನ್‌ಗೆ ಬರುವುದಿಲ್ಲ, ಮನೆಯಲ್ಲೇ ಉಳಿಯುತ್ತದೆ. ಮುಂದೆ ಬರುವವರಿಗೆ ಹೆಚ್ಚುಕಡಿಮೆ ನಿಮ್ಮದೇ ಬಾಡಿಗೆ. ಹಾಗಿದ್ದೂ ಕ್ಯಾಂಟೀನಿನಲ್ಲಿ ನಾನು ಕೇಳಿದ್ದು ಅದೇ ಹಳೆಯ ರಾಗ: ಹೊರಗಿನವರಿಗೆ ಕೊಡುವ ಮನಸ್ಸಿಲ್ಲ, ನಮ್ಮವರು ಎಂದು ಕೊಡುತ್ತಿದ್ದೇನೆ.

ನಾನು ಮಾಲೀಕರ ವಿರೋಧಿ ಎಂದುಕೊಳ್ಳಬೇಡಿ. ನಮ್ಮಜ್ಜಿಯೇ ಒಬ್ಬ ಮಾಲೀಕಳು. ಚಾಮರಾಜಪೇಟೆಯಲ್ಲಿ ಆರು ಮನೆಗಳ ಒಂದು ವಠಾರ, ಅಜ್ಜ ಹೋದ ಮೇಲೆ ಅದರ ಬಾಡಿಗೆಯೇ ಆಕೆಯ ಜೀವನ. ಮೂರನೆಯ ಮನೆಯವರು ಜಯನಗರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಹೋದರು. ಹೋದರೂ ವಠಾರದ ಮನೆ ಬಿಡಲಿಲ್ಲ. ಒಳಗೆ ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟವ್, ಗೋಡೆಗೆ ಒಂದು ಕ್ಯಾಲೆಂಡರ್. ವರ್ಷಕ್ಕೊಮ್ಮೆ ಜನವರಿಯಲ್ಲಿ ಅವರು ಬಂದು ಹಳೆಯ ಕ್ಯಾಲೆಂಡರ್ ತೆಗೆದು ಹೊಸದನ್ನು ತೂಗುಹಾಕಿ, ಅಜ್ಜಿಯ ಕೈಯಿಂದ ಕಾಫಿ ಕುಡಿದು, ಬೀಗ ಹಾಕಿಕೊಂಡು ಹೋಗುತ್ತಿದ್ದರು. ಬಾಡಿಗೆ ನಲವತ್ತೈದು ರೂಪಾಯಿ. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಮ್ಮ ಚಿಕ್ಕಮ್ಮನಿಗೆ ಆ ಮನೆ ಬೇಕಾಗಿತ್ತು. ಬೀಗ ತೆಗೆಸಲು ಅಜ್ಜಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದಳು. 1961ರ ನಮ್ಮ ಬಾಡಿಗೆ ನಿಯಂತ್ರಣ ಕಾಯ್ದೆ ಬಡವನಿಗೆ ನೆರಳಾಗಬೇಕಿತ್ತು, ಇಂಥ ಕ್ಯಾಲೆಂಡರುಗಳಿಗೂ ನೆರಳಾಯಿತು. ಆಮೇಲೆ ಬಂದ 1999ರ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಕೈಬಿಟ್ಟಿತು. ಇಂದು 3,500ಕ್ಕೆ ಚಾಮರಾಜಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಅದಕ್ಕೇ ನಮ್ಮ ಹುಡುಗರು, ಬಾಡಿಗೆ ಮನೆಗೂ ಕಾನೂನಿನ ಕಾವಲು ಇರಬಹುದು ಎಂಬ ಕಲ್ಪನೆಯೇ ಇಲ್ಲದೆ ಇಲ್ಲಿಗೆ ಬರುತ್ತಾರೆ. ಹತ್ತು ತಿಂಗಳ ಮುಂಗಡ ಕೊಟ್ಟು ಅಭ್ಯಾಸವಾದವರಿಗೆ ಇಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂದರೆ ನಂಬುವುದೇ ಇಲ್ಲ. ಆ ನಂಬದಿರುವಿಕೆಯನ್ನೇ ನೀವು ಬಾಡಿಗೆಗೆ ಕೊಡುತ್ತಿದ್ದೀರಿ.

ಹಾಗಾದರೆ ಇಂಥ ಮನೆ ನೆಟ್ಟಗಿನ ದಾರಿಯಲ್ಲಿ ಸಿಗುತ್ತದೆಯೇ? ಕಷ್ಟ, ಆದರೆ ಸಿಗುತ್ತದೆ. 2023ರ ನಗರ ಸಮೀಕ್ಷೆಯ ಪ್ರಕಾರ ಖಾಲಿಯಿದ್ದ ಬಾಡಿಗೆ ಮನೆಗಳು ಶೇ. 1.41, ಸ್ಟೆಬಿಲೈಸ್ಡ್ ಮನೆಗಳಲ್ಲಿ ಶೇ. 1ಕ್ಕೂ ಕಡಿಮೆ. 2022ರಲ್ಲಿ ನಾನು ನಾಲ್ಕು ತಿಂಗಳು ಹುಡುಕಿದೆ. ಮೊಬೈಲಿನಲ್ಲಿ ಹುಡುಕುವುದಕ್ಕಿಂತ ಕಾಲಿನಲ್ಲಿ ಹುಡುಕಿದ್ದೇ ಹೆಚ್ಚು. ಮುಂಭಾಗದಲ್ಲಿ ಕಬ್ಬಿಣದ ಏಣಿ ಇಳಿಬಿಟ್ಟ ಹಳೆಯ ಇಟ್ಟಿಗೆ ಕಟ್ಟಡ ಕಂಡರೆ ಬಾಗಿಲ ಬಳಿಯ ಕರೆಗಂಟೆಗಳನ್ನು ಎಣಿಸುವುದು. ಆರಕ್ಕಿಂತ ಕಡಿಮೆಯಿದ್ದರೆ ಮುಂದಕ್ಕೆ. ನೋಂದಾಯಿತ ಕಟ್ಟಡಗಳ ಪಟ್ಟಿಯನ್ನು ಬಾಡಿಗೆ ಮಂಡಳಿಯೇ ಪ್ರಕಟಿಸುತ್ತದೆ, ಅದರೊಂದಿಗೆ ತಾಳೆ ನೋಡುವುದು. ಕಸದ ಚೀಲಗಳನ್ನು ಬೀದಿಗೆ ತಂದಿಡುವ ಸಂಜೆ ಸೂಪರ್‌ಗಳು ಹೊರಗೆ ಸಿಗುತ್ತಾರೆ. ಅವರಷ್ಟು ಸುದ್ದಿ ಯಾವ ದಲ್ಲಾಳಿಗೂ ಗೊತ್ತಿರುವುದಿಲ್ಲ. ಅವರಲ್ಲೊಬ್ಬ, ಒಳಗಿನ ಮುದುಕರು ಮಗಳ ಮನೆಗೆ ಫ್ಲಾರಿಡಾಕ್ಕೆ ಹೋಗುತ್ತಾರೆ ಎಂದು ಕೈ ತೋರಿಸಿದ.

ಬಿಸಿಲು ಬೀಳದ ಹಿಂಭಾಗದ ಮನೆ. ಅಡುಗೆ ಕಟ್ಟೆಯ ಮೇಲೆ ಇಡ್ಲಿ ಪಾತ್ರೆ ಇಟ್ಟರೆ ಕುಕ್ಕರಿಗೆ ಜಾಗವಿಲ್ಲ. ಬಾಡಿಗೆ 1,890. ವಾರ್ಷಿಕ ಆದಾಯ ಬಾಡಿಗೆಯ ನಲವತ್ತು ಪಟ್ಟು ಇರಬೇಕೆಂಬ ಇಲ್ಲಿನ ರೂಢಿಗೆ ನನ್ನ ಸಂಬಳ ಅಷ್ಟಕ್ಕಷ್ಟೇ ಸರಿಹೋಯಿತು. ಮಾಲೀಕನ ದಲ್ಲಾಳಿಗೆ ನಾನೇ 3,400 ಡಾಲರ್ ತೆರಬೇಕಾಯಿತು. 2025ರ ಜೂನ್ 11ರಿಂದ ಆ ಅನ್ಯಾಯ ತಪ್ಪಿದೆ, ದಲ್ಲಾಳಿಯನ್ನು ಯಾರು ಕರೆಸಿದರೋ ಅವರೇ ಹಣ ಕೊಡಬೇಕು. ಮನೆಗೆ ಬಂದ ವಾರವೇ ರಾಜ್ಯದ ವಸತಿ ಇಲಾಖೆಯಿಂದ ಆ ಮನೆಯ ಬಾಡಿಗೆ ಚರಿತ್ರೆ ಕೇಳಿದೆ. ಬಿಟ್ಟಿ ಸೇವೆ, ಟಪಾಲಿನಲ್ಲಿ ಮನೆಗೇ ಬರುತ್ತದೆ. ವರ್ಷ, ಹೆಸರು, ಮೊತ್ತ, 1984ರಿಂದ ಸಾಲು ಸಾಲಾಗಿ. ಮೊತ್ತ ಕದಲದೆ ನಿಂತ ಸಾಲುಗಳೂ ಅದರಲ್ಲಿದ್ದವು. ಕೊನೆಯಲ್ಲಿ ನನ್ನ 1,890 ಸರಿಯಾಗಿಯೇ ಕುಳಿತಿತ್ತು. ಆಮೇಲೆ ಮೂರು ನವೀಕರಣ: ಶೇ. 3, ಶೇ. 2.75, ಮತ್ತೆ ಶೇ. 3. ಇಂದು 2,060 ಕೊಡುತ್ತಿದ್ದೇನೆ. ಟಪಾಲು ಪೆಟ್ಟಿಗೆಯ ಮೇಲೆ ನನ್ನ ಹೆಸರಿದೆ. ಹೀಟರ್ ಕೆಟ್ಟರೆ 311ಕ್ಕೆ ಫೋನು ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಎರಡು ಸಲ ಮಾಡಿದೆ.

ಎಚ್ 1 ಬಿ ವೀಸಾದವರಿಗೆ ಇದೆಲ್ಲ ಇಲ್ಲ ಎಂದು ಹೆದರಿಸುವವರೂ ನಮ್ಮಲ್ಲೇ ಇದ್ದಾರೆ. ಸುಳ್ಳು. ರಕ್ಷಣೆ ಇರುವುದು ಮನೆಗೆ, ಪಾಸ್‌ಪೋರ್ಟಿಗಲ್ಲ. ಸಂಬಳ ಹೆಚ್ಚಿದ್ದವರಿಗೆ ಇದು ಸಲ್ಲದು ಎಂಬ ಮಾತೂ ಇದೆ. 2025ರ ಮೇಯರ್ ಚುನಾವಣೆಯಲ್ಲಿ ಆಂಡ್ರ್ಯೂ ಕ್ಯುವೊಮೊ ಇದನ್ನೇ ಎತ್ತಿಕೊಂಡು, ಅಸ್ಟೋರಿಯಾದ ಇಂಥದೇ ಮನೆಯಲ್ಲಿದ್ದ ಎದುರಾಳಿ ಜೊಹ್ರಾನ್ ಮಮ್ದಾನಿಯವರನ್ನು ಹಣಿಯಲು ನೋಡಿದರು. ಆದರೆ ಆದಾಯ ಹೆಚ್ಚಾಯಿತೆಂದು ಮನೆಯ ರಕ್ಷಣೆ ತೆಗೆಯುವ ನಿಯಮವನ್ನು ಕಿತ್ತುಹಾಕಿದ್ದು 2019ರ ಅದೇ ಕಾನೂನು, ಅದಕ್ಕೆ ರಾಜ್ಯಪಾಲರಾಗಿ ಸಹಿ ಹಾಕಿದವರು ಅದೇ ಕ್ಯುವೊಮೊ. ಅನುಕೂಲಸ್ಥರು ಇಂಥ ಮನೆಯಲ್ಲಿ ಇರಬಾರದೇ ಎಂಬ ಚರ್ಚೆ ನಡೆಯಲಿ, ನನಗೆ ಅದರಲ್ಲಿ ಗಟ್ಟಿ ಅಭಿಪ್ರಾಯವಿಲ್ಲ. ನನ್ನ ತಕರಾರು ಅಲ್ಲಿ ಇರುವವರ ಮೇಲಲ್ಲ, ಇಲ್ಲದವರ ಮೇಲೆ.

"ನಾವು ಬಿಟ್ಟರೂ ಮಾಲೀಕನೇ ಬೀಗ ಹಾಕಿಡುತ್ತಾನೆ" ಎನ್ನುತ್ತೀರಿ. ಕೆಲವರು ಹಾಕುತ್ತಾರೆ, ಹೌದು. ರಿಪೇರಿಯ ಖರ್ಚು ಹುಟ್ಟುವುದಿಲ್ಲವೆಂದು ಹಳೆಯ ಮನೆಗಳನ್ನು ಖಾಲಿ ಬಿಟ್ಟಿರುವ ಮಾಲೀಕರು ಈ ನಗರದಲ್ಲಿ ಇದ್ದಾರೆ. ಅವರ ದೂರಿನಲ್ಲಿ ಹುರುಳಿಲ್ಲ ಎಂದು ಅಜ್ಜಿಯ ಮೊಮ್ಮಗನಾದ ನಾನು ಹೇಳಲಾರೆ. 2024ರಲ್ಲಿ, ಬಾಡಿಗೆಗೆ ಸೇರಿಸಿಕೊಳ್ಳಬಹುದಾದ ರಿಪೇರಿ ಖರ್ಚಿನ ಮಿತಿಯನ್ನು 15,000 ಡಾಲರಿನಿಂದ 30,000ಕ್ಕೆ, ಕೆಲವು ಮನೆಗಳಿಗೆ 50,000ಕ್ಕೆ ಏರಿಸಿದ್ದೂ ಅದಕ್ಕೇ. ಅವರ ಬೀಗದ ಬಗ್ಗೆ ಮಂಡಳಿಯ ಮುಂದೆ, ಶಾಸಕರ ಮುಂದೆ ಮಾತಾಡೋಣ. ನಿಮ್ಮ ಬೀಗದ ಬಗ್ಗೆ ನಾನು ಬೇರೆ ಯಾರ ಮುಂದೆ ಮಾತಾಡಲಿ?

ಕೇಳುವುದು ಇಷ್ಟೇ. ಎಡಿಸನ್‌ನಲ್ಲೋ ಪ್ಲೇನ್ಸ್‌ಬರೋದಲ್ಲೋ ಸ್ವಂತ ಮನೆಯಲ್ಲಿ ಸುಖವಾಗಿರುವವರು ನಗರದ ಮನೆಯ ಕರಾರನ್ನು ಒಪ್ಪಿಸಿಬಿಡಿ. ಒಳಗೆ ಈಗಾಗಲೇ ಒಬ್ಬ ತಮ್ಮನನ್ನು ಕೂರಿಸಿದ್ದರೆ ಅವನಿಗೆ ಬೇರೆ ಮನೆ ಹುಡುಕಲು ಸಮಯ ಕೊಡಿ, ಆ ತಿಂಗಳುಗಳಲ್ಲಿ ನೀವು ಕಟ್ಟುವಷ್ಟನ್ನೇ ಅವನಿಂದ ಪಡೆಯಿರಿ. ನಮ್ಮ ಕೂಟಗಳು ಯುಗಾದಿಯ ದಿನ ಹಾಡು ಕುಣಿತಗಳ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಹೊಸಬರಿಗೆ ಬಾಡಿಗೆ ಚರಿತ್ರೆ ತರಿಸುವುದು ಹೇಗೆಂದು ಹೇಳಿಕೊಡಲಿ. ಪ್ರಾಯೋಜಕರಿಗೆ ಹೂಗುಚ್ಛ ಕೊಡುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಕ್ಯಾಂಟೀನಿನಲ್ಲಿದ್ದ ತಂಗಿ, ನೀವಿದನ್ನು ಓದುತ್ತಿದ್ದರೆ: ಕೀಲಿ ತೆಗೆದುಕೊಳ್ಳುವ ಮೊದಲು ಅವರ ಕರಾರು ಪತ್ರ ತೋರಿಸಲು ಹೇಳಿ. ಅದರಲ್ಲಿ ಬಾಡಿಗೆಯ ಅಂಕಿ ಇರುತ್ತದೆ, ಸ್ಟೆಬಿಲೈಸ್ಡ್ ಮನೆಯಾದರೆ ಹಕ್ಕುಗಳನ್ನು ವಿವರಿಸುವ ಅನುಬಂಧವೂ ಇರುತ್ತದೆ. ತೋರಿಸಲು ಅವರು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಚಟ್ನಿಪುಡಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಅತ್ತಿಗೆಯವರದು ಚೆನ್ನಾಗಿರುತ್ತಿತ್ತು.

ಅಣ್ಣ, ಈ ಪತ್ರದಲ್ಲಿ ನಿಮ್ಮ ಹೆಸರಿಲ್ಲ, ಮುಂದೆಯೂ ಬರುವುದಿಲ್ಲ. ಮೊನ್ನೆ ಪೆಟ್ಟಿಗೆ ಜಾಲಾಡುವಾಗ ಆ ಕಂಬಳಿಯ ಮಡಿಕೆಯಲ್ಲಿ ಟಪಾಲು ಪೆಟ್ಟಿಗೆಯ ಚಿಕ್ಕ ಕೀಲಿ ಸಿಕ್ಕಿತು. ಅವಸರದಲ್ಲಿ ಮಿಕ್ಕ ಎರಡನ್ನು ಮಾತ್ರ ಹಿಂದಿರುಗಿಸಿದ್ದೆ ಎಂದು ಕಾಣುತ್ತದೆ. ಎಡಿಸನ್‌ನ ವಿಳಾಸಕ್ಕೇ ಕಳುಹಿಸಲೇ?

ಇಂತಿ,
ನಿಮ್ಮ ಒಂದು ಕಾಲದ ತಮ್ಮ,
ಅಪ್ಪರ್ ವೆಸ್ಟ್ ಸೈಡಿನ ಒಬ್ಬ ಬಾಡಿಗೆದಾರ